ಪ್ಲೇಗಿಗೆ ಮದ್ದು ತಂದ ಹಾಫ್‌ಕಿನ್

ಯುದ್ಧಗಳನ್ನು ಗೆದ್ದವರ ಹೆಸರುಗಳನ್ನು ನಾವು ಚರಿತ್ರೆಯ ಪಾಠದಲ್ಲಿ ಓದಿ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತೇವೆ. ಕೊಂದವರ ಲೆಕ್ಕ ನಮಗೆ ಬಾಯಿಪಾಠವಾಗಿರುತ್ತದೆ. ಉಳಿಸಿದವರ ಲೆಕ್ಕವನ್ನು ಕೇಳುವವರು ಕಡಮೆ. ನಮ್ಮ ದೇಶದಲ್ಲಿ 1896ರಿಂದ ಮೂರು ನಾಲ್ಕು ದಶಕಗಳ ಕಾಲ ತಾಂಡವವಾಡಿ ಒಂದು ಕೋಟಿಗೂ ಮಿಕ್ಕಿ ಜನರನ್ನು ನುಂಗಿದ ಪ್ಲೇಗು ಎಂಬ ಮಹಾಮಾರಿಯನ್ನು ಎದುರಿಸಿ ನಿಂತ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿಯ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿದೆ? ಮುಂಬಯಿಯ ಸಂಸ್ಥೆಯೊಂದಕ್ಕೆ ಆತನ ಹೆಸರಿದೆ ಎಂಬಷ್ಟನ್ನು ಕೆಲವರು ಬಲ್ಲರು. ಆತನ ಮದ್ದಿಗೆ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ಕನ್ನಡ ನಾಡಿನಲ್ಲಿಯೇ ಎಂಬುದನ್ನು ಬಲ್ಲವರು ಇನ್ನೂ ಕಡಮೆ.

ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ವೈದ್ಯವಿಜ್ಞಾನಿಯೊಬ್ಬನ ಚರಿತ್ರೆಯನ್ನು ಬರೆಯುವ ಅಧಿಕಾರವೇನು ಎಂದು ವಾಚಕರು ಕೇಳಬಹುದು. ನಾನು ವಸಂತನರಸಾಪುರದ ಕಡೆಯಿಂದ ತುಮಕೂರಿಗೆ ಓದಲು ಬರುವವನು. ಹೊಲಗದ್ದೆಗಳಿದ್ದ ಜಾಗದಲ್ಲಿ ಕಾರ್ಖಾನೆಗಳು ಎದ್ದು, ನಾಲ್ಕಾರು ರಾಜ್ಯಗಳ ಕೆಲಸಗಾರರು ಬಂದು ನೆಲೆಸಿದ ಊರು ಅದು. 2021ರಲ್ಲಿ ಕೋವಿಡ್ ಲಸಿಕೆ ಬಂದಾಗ ನಮ್ಮ ಕಡೆಯ ಹೋಟೆಲುಗಳಲ್ಲಿ, ಬಸ್ ನಿಲ್ದಾಣದಲ್ಲಿ, ಕಾರ್ಖಾನೆಯ ಬಾಗಿಲಲ್ಲಿ ಒಂದೇ ಚರ್ಚೆ. ಒಬ್ಬರು ಲಸಿಕೆ ಹಾಕಿಸಿಕೊಂಡು ಸತ್ತವರೊಬ್ಬರ ಕಥೆ ಹೇಳಿದರೆ, ಇನ್ನೊಬ್ಬರು ಹಾಕಿಸಿಕೊಳ್ಳದೆ ಸತ್ತ ಇಬ್ಬರ ಕಥೆ ಹೇಳುವರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಒಬ್ಬಿಬ್ಬರ ಕಥೆಯಿಂದ ಒಂದು ಮದ್ದಿನ ಗುಣವನ್ನು ತೀರ್ಮಾನಿಸಲು ಬರುತ್ತದೆಯೆ? ಈ ಪ್ರಶ್ನೆಯನ್ನು ಹಿಡಿದು ಹೊರಟಾಗ ನನಗೆ ಸಿಕ್ಕಿದವನೇ ಹಾಫ್‌ಕಿನ್. ಆತನು ಮದ್ದನ್ನು ಕಂಡುಹಿಡಿದಷ್ಟಕ್ಕೇ ನಿಲ್ಲಲಿಲ್ಲ. ಮದ್ದು ತೆಗೆದುಕೊಂಡವರೆಷ್ಟು, ತೆಗೆದುಕೊಳ್ಳದವರೆಷ್ಟು, ಎರಡೂ ಕಡೆ ಮುಂದೇನಾಯಿತು ಎಂಬುದನ್ನು ಎಣಿಸಿ ಜಗತ್ತಿನ ಮುಂದೆ ಇಟ್ಟನು. ಎಣಿಸುವ ಕೆಲಸ ಅರ್ಥಶಾಸ್ತ್ರ ಓದುವ ನಮ್ಮಂಥವರಿಗೂ ಹೊರಗಿನದಲ್ಲ.

ಹಾಫ್‌ಕಿನ್ 1860ರ ಮಾರ್ಚ್ 15ರಂದು ಕಪ್ಪು ಸಮುದ್ರದ ತೀರದ ಒಡೆಸ್ಸಾ ನಗರದಲ್ಲಿ ಒಂದು ಯಹೂದಿ ವರ್ತಕ ಮನೆತನದಲ್ಲಿ ಜನಿಸಿದನು. ಅಂದು ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಸೇರಿದ್ದ ಆ ನಗರ ಇಂದು ಉಕ್ರೇನ್ ದೇಶದಲ್ಲಿದೆ. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಆತನು ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದನು. ಮುಂದೆ ನೊಬೆಲ್ ಪಾರಿತೋಷಕ ಪಡೆದ ಮೆಚ್ನಿಕಾಫ್ ಆತನ ಗುರು. ಅವು ಯಹೂದಿಗಳಿಗೆ ಕಷ್ಟದ ದಿನಗಳು. ತರುಣ ಹಾಫ್‌ಕಿನ್ನನು ಕ್ರಾಂತಿಕಾರಿಗಳ ಸಹವಾಸ ಮಾಡಿದನು, ಗಲಭೆಕೋರರಿಂದ ತನ್ನ ಜನರನ್ನು ಕಾಪಾಡಲು ಮುಂದಾದನು, ಬಂಧನಕ್ಕೂ ಒಳಗಾದನು. ಡಾಕ್ಟರೇಟ್ ಪಡೆದರೂ, ಮತವನ್ನು ಬದಲಿಸಿದ ಹೊರತು ಅಧ್ಯಾಪಕ ಹುದ್ದೆ ಸಿಗುವಂತಿರಲಿಲ್ಲ. ಆತನು ಮತವನ್ನು ಬಿಡಲಿಲ್ಲ. ಹುದ್ದೆಯ ಆಸೆಯನ್ನು ಬಿಟ್ಟನು.

1888ರಲ್ಲಿ ಸ್ವದೇಶವನ್ನು ತೊರೆದು ಜಿನೀವಾಕ್ಕೆ ಹೋದ ಆತನು, ಮರುವರ್ಷ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯನ್ನು ಸೇರಿದನು. ಅಲ್ಲಿ ಖಾಲಿ ಇದ್ದದ್ದು ಸಹಾಯಕ ಗ್ರಂಥಪಾಲಕನ ಕೆಲಸ ಒಂದೇ. ಹಾಫ್‌ಕಿನ್ನನು ಅದನ್ನೇ ಒಪ್ಪಿಕೊಂಡು, ಪುಸ್ತಕಗಳ ಕೆಲಸ ಮುಗಿದ ಮೇಲೆ ಪ್ರಯೋಗಶಾಲೆಯಲ್ಲಿ ಕುಳಿತು ಕಾಲರಾ ರೋಗಾಣುವಿನ ಮೇಲೆ ಪ್ರಯೋಗ ನಡೆಸಿದನು. 1892ರ ಜುಲೈ 18ರಂದು ತಾನು ಸಿದ್ಧಪಡಿಸಿದ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಜ್ವರ ಬಂದು ಇಳಿಯಿತು. ಆದರೆ ಲಸಿಕೆ ಅಪಾಯಕರವಲ್ಲವೆಂದು ತಿಳಿದರೆ ಸಾಲದು. ಅದು ಕಾಪಾಡುತ್ತದೆಯೇ ಎಂಬುದು ತಿಳಿಯಬೇಕಾದರೆ ಕಾಲರಾ ನಿಜವಾಗಿ ಇರುವ ನಾಡಿಗೆ ಹೋಗಬೇಕು. ಹೀಗಾಗಿ 1893ರ ಮಾರ್ಚಿಯಲ್ಲಿ ಆತನು ಕಲ್ಕತ್ತೆಗೆ ಬಂದಿಳಿದನು.

ಎರಡು ವರ್ಷಗಳಲ್ಲಿ ಆತನು ಉತ್ತರ ಭಾರತದ ಊರೂರು ತಿರುಗಿ ನಲವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಕಾಲರಾ ಲಸಿಕೆ ಹಾಕಿದನು. 1894ರಲ್ಲಿ ಕಲ್ಕತ್ತೆಯ ಒಂದು ಬಸ್ತಿಯಲ್ಲಿ ನಡೆದ ಸಂಗತಿ ಆತನ ರೀತಿಯನ್ನು ತೋರಿಸುತ್ತದೆ. ಅಲ್ಲಿದ್ದ ಸುಮಾರು ಇನ್ನೂರು ಜನರಲ್ಲಿ 116 ಮಂದಿ ಲಸಿಕೆ ಹಾಕಿಸಿಕೊಂಡರು. ಅನಂತರ ರೋಗ ಮತ್ತೆ ತಲೆದೋರಿದಾಗ ಸತ್ತವರು ಏಳು ಮಂದಿ. ಏಳು ಮಂದಿಯೂ ಲಸಿಕೆ ಬೇಡವೆಂದವರು. ಒಂದೇ ಬಸ್ತಿ, ಒಂದೇ ನೀರು, ಒಂದೇ ಬಡತನ. ಬೇರೆಯಾಗಿದ್ದುದು ಲಸಿಕೆ ಮಾತ್ರ. ಈ ಹೋಲಿಕೆಯೇ ಮುಂದೆ ಆತನ ಜೀವನದ ಕೆಲಸವಾಯಿತು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ತೊಡೆಸಂದು ಕಂಕುಳುಗಳಲ್ಲಿ ಗಡ್ಡೆ ಕಟ್ಟಿ, ಜ್ವರ ಏರಿ, ಕೆಲವೇ ದಿನಗಳಲ್ಲಿ ಮನುಷ್ಯನನ್ನು ಕೊಂಡೊಯ್ಯುವ ರೋಗ. ಸರ್ಕಾರದ ಕರೆಯ ಮೇರೆಗೆ ಅಕ್ಟೋಬರಿನಲ್ಲಿ ಹಾಫ್‌ಕಿನ್ನನು ಅಲ್ಲಿಗೆ ಬಂದನು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಆತನಿಗೆ ದೊರೆತದ್ದು ಒಂದು ಕೊಠಡಿ, ಒಂದು ಮೊಗಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟೇ ಬಂಡವಾಳ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಎಂಬಾತನು ಹಾಂಗ್‌ಕಾಂಗಿನಲ್ಲಿ ಗುರುತಿಸಿ ಆಗ ಎರಡೇ ವರ್ಷವಾಗಿತ್ತು.

ಹಾಫ್‌ಕಿನ್ನನ ವಿಧಾನದಲ್ಲಿ ನಮ್ಮ ಅಡಿಗೆಮನೆಯ ತುಪ್ಪಕ್ಕೂ ಒಂದು ಪಾತ್ರವುಂಟು. ಮಾಂಸದ ಸಾರನ್ನು ಸೀಸೆಯಲ್ಲಿ ತುಂಬಿ ಅದರ ಮೇಲೆ ತುಪ್ಪದ ಕೆಲವು ತೊಟ್ಟುಗಳನ್ನು ತೇಲಿಬಿಟ್ಟರೆ, ರೋಗಾಣುಗಳು ಆ ತೊಟ್ಟುಗಳನ್ನು ಆಧಾರವಾಗಿ ಹಿಡಿದು ಕೆಳಮುಖವಾಗಿ ಎಳೆಎಳೆಯಾಗಿ ಬೆಳೆಯುವುವು. ಅಲುಗಿಸಿದರೆ ಎಳೆಗಳು ಉದುರಿ, ಹೊಸ ಎಳೆಗಳು ಹುಟ್ಟುವುವು. ದನದ ಅಥವಾ ಹಂದಿಯ ಮಾಂಸದಿಂದ ಜನರ ಮನಸ್ಸು ನೋಯಬಾರದೆಂದು ಆತನು ಆಡಿನ ಮಾಂಸವನ್ನು ಬಳಸಿದನು. ಕೆಲವು ವಾರ ಬೆಳೆದ ಮೇಲೆ ಕಾಯಿಸಿ ರೋಗಾಣುಗಳನ್ನು ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಸೇರಿಸಿದರೆ ಮದ್ದು ಸಿದ್ಧ. 1897ರ ಜನವರಿ 10ರಂದು, ಕೆಲಸ ಆರಂಭಿಸಿದ ಮೂರೇ ತಿಂಗಳಲ್ಲಿ, ಆತನು ಇದನ್ನೂ ಮೊದಲು ತನಗೇ ಚುಚ್ಚಿಸಿಕೊಂಡನು. ಮುಂದೆ ಇತರರಿಗೆ ಕೊಡಬೇಕೆಂದಿದ್ದ ಪ್ರಮಾಣಕ್ಕಿಂತ ಹೆಚ್ಚಿನ ಪ್ರಮಾಣವನ್ನೇ ತೆಗೆದುಕೊಂಡನು.

ಆ ತಿಂಗಳ ಕೊನೆಯಲ್ಲಿ ಮುಂಬಯಿಯ ಬೈಕಲಾ ಸೆರೆಮನೆಗೆ ಪ್ಲೇಗು ಹೊಕ್ಕಿತು. ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿ ಒಪ್ಪಿ ಚುಚ್ಚಿಸಿಕೊಂಡರು. ಮುಂದಿನ ದಿನಗಳಲ್ಲಿ ಚುಚ್ಚಿಸಿಕೊಳ್ಳದವರಲ್ಲಿ 12 ಮಂದಿಗೆ ರೋಗ ತಗುಲಿ 6 ಮಂದಿ ಸತ್ತರು. ಚುಚ್ಚಿಸಿಕೊಂಡವರಲ್ಲಿ ಇಬ್ಬರಿಗೆ ಮಾತ್ರ ರೋಗ ಬಂತು, ಇಬ್ಬರೂ ಬದುಕಿದರು. ಆದರೆ ಇಲ್ಲೊಂದು ತೊಡಕಿತ್ತು. ಚುಚ್ಚಿಸಿಕೊಂಡ ದಿನವೇ ಹಾಸಿಗೆ ಹಿಡಿದವರೂ ಕೆಲವರಿದ್ದರು. ಅವರ ಮೈಯಲ್ಲಿ ರೋಗ ಮೊದಲೇ ಮನೆ ಮಾಡಿತ್ತು. ಅವರನ್ನು ಯಾವ ಪಟ್ಟಿಗೆ ಸೇರಿಸಬೇಕು? ಮದ್ದು ಕೆಲಸ ಮಾಡಲು ಕೆಲವು ದಿನ ಬೇಕೆಂದಾದರೆ, ಎಣಿಕೆ ಎಂದಿನಿಂದ ಆರಂಭವಾಗಬೇಕು? ಶಸ್ತ್ರಚಿಕಿತ್ಸೆಯಾಗಲಿ ಔಷಧವಾಗಲಿ, ಫಲಿತಾಂಶವನ್ನು ಅಳೆಯಲು ಹೊರಟ ಸಂಶೋಧಕರೆಲ್ಲರೂ ಇಂದಿಗೂ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.

ಇನ್ನೊಂದು ಆಕ್ಷೇಪಣೆ ಇದಕ್ಕಿಂತಲೂ ಬಲವಾದದ್ದು. ಮದ್ದು ಬೇಕೆಂದು ಮುಂದೆ ಬರುವವರು ತಿಳಿವಳಿಕೆಯುಳ್ಳವರು, ಗಟ್ಟಿಮುಟ್ಟಾದವರು, ಚೊಕ್ಕಟವಾದ ಮನೆಗಳವರು ಆಗಿರಬಹುದು. ಅವರು ಬದುಕಿದ್ದು ಮದ್ದಿನಿಂದಲೋ, ಮನೆಯ ಅನುಕೂಲದಿಂದಲೋ? ಇದಕ್ಕೆ ಉತ್ತರ ದೊರೆತದ್ದು ಬಡೋದೆ ಸಂಸ್ಥಾನದ ಉಂಧೇರಾ ಎಂಬ ಸಣ್ಣ ಹಳ್ಳಿಯಲ್ಲಿ. 1898ರ ಫೆಬ್ರವರಿಯಲ್ಲಿ ಅಲ್ಲಿ ಪ್ಲೇಗು ಹರಡುತ್ತಿದ್ದಾಗ, ಜನರನ್ನು ಸಂಸಾರ ಸಂಸಾರವಾಗಿ ಕರೆದು ನಿಲ್ಲಿಸಿ, ಪ್ರತಿ ಸಂಸಾರದಲ್ಲಿಯೂ ಸುಮಾರು ಅರ್ಧ ಮಂದಿಗೆ ಮದ್ದು ಚುಚ್ಚಿದರು. ಗಂಡಸರಲ್ಲಿ ಅರ್ಧ, ಹೆಂಗಸರಲ್ಲಿ ಅರ್ಧ, ಮಕ್ಕಳಲ್ಲಿ ಅರ್ಧ. ಹೀಗೆ ಒಂದೇ ಸೂರಿನಡಿ, ಒಂದೇ ಒಲೆಯ ಅನ್ನವುಂಡು, ಒಂದೇ ನೆಲದ ಮೇಲೆ ಮಲಗುವವರಲ್ಲಿ ಎರಡು ಗುಂಪುಗಳಾದವು. ಕೆಲವು ವಾರಗಳ ಮೇಲೆ ಮನೆಮನೆಗೂ ಹೋಗಿ ವಿಚಾರಿಸಿದಾಗ 28 ಸಂಸಾರಗಳಲ್ಲಿ ಪ್ಲೇಗು ಬಂದಿತ್ತು. ಆ ಮನೆಗಳಲ್ಲಿ ಮದ್ದಿಲ್ಲದ 64 ಮಂದಿಯಲ್ಲಿ 27 ಮಂದಿಗೆ ರೋಗ ತಗುಲಿ 26 ಮಂದಿ ಸತ್ತಿದ್ದರು. ಮದ್ದು ಪಡೆದ 71 ಮಂದಿಯಲ್ಲಿ 8 ಮಂದಿಗೆ ರೋಗ ತಗುಲಿ 3 ಮಂದಿ ಸತ್ತಿದ್ದರು. ನೂರಕ್ಕೆ ನಲವತ್ತು ಸಾವು ಒಂದು ಕಡೆ, ನೂರಕ್ಕೆ ನಾಲ್ಕು ಇನ್ನೊಂದು ಕಡೆ.

ಈ ಅಂಕಿಗಳನ್ನು ಓದುವಾಗ ಮನಸ್ಸಿಗೆ ಹರ್ಷವೂ ನೋವೂ ಒಟ್ಟಿಗೆ ಆಗುತ್ತವೆ. ಆ 26 ಮಂದಿ ಅಂಕಿಗಳಲ್ಲ. ಯಾರದೋ ಅಣ್ಣ, ಯಾರದೋ ಸೊಸೆ, ಯಾರದೋ ಕೂಸು. ಮದ್ದಿದ್ದೂ ಅವರಿಗೆ ಕೊಡದೆ ಬಿಟ್ಟದ್ದು ಸರಿಯೆ? ಮದ್ದಿನ ಗುಣ ಇನ್ನೂ ಸಂಶಯದಲ್ಲಿದ್ದಾಗ ಅರ್ಧ ಜನರಿಗೆ ಮಾತ್ರ ಕೊಟ್ಟು ನೋಡುವುದು ಅನ್ಯಾಯವಲ್ಲವೆಂದು ಒಂದು ಪಕ್ಷ. ಸಂಶಯ ನೀಗುತ್ತಿದ್ದಂತೆ ಎಲ್ಲರಿಗೂ ಕೊಡಬೇಕೆಂಬುದು ಧರ್ಮ. ಇಂದು ಇಂಥ ಪ್ರಯೋಗಗಳಿಗೆ ನೀತಿ ಸಮಿತಿಯ ಅನುಮತಿ ಬೇಕು, ಒಳಗಾಗುವವರು ತಿಳಿದು ಒಪ್ಪಬೇಕು, ಫಲ ಸ್ಪಷ್ಟವಾದೊಡನೆ ಪ್ರಯೋಗವನ್ನು ನಿಲ್ಲಿಸುವ ಏರ್ಪಾಡಿರಬೇಕು. ಈ ಕಟ್ಟಳೆಗಳೆಲ್ಲ ಅನಂತರದ ಕಾಲದವು. ಆದರೆ ಬಲಾತ್ಕಾರದಿಂದ ಯಾರಿಗೂ ಮದ್ದು ಚುಚ್ಚಕೂಡದೆಂಬ ನಿಯಮವನ್ನು ಹಾಫ್‌ಕಿನ್ನನು ಆ ಕಾಲದಲ್ಲಿಯೇ ಪಾಲಿಸುತ್ತಿದ್ದನೆಂಬುದು ಗಮನಾರ್ಹ.

ಇನ್ನು ನಮ್ಮ ನಾಡಿನ ಸಂಗತಿಗೆ ಬರೋಣ. ವಸಂತನರಸಾಪುರದ ಪಕ್ಕದಲ್ಲಿ ಹಾದುಹೋಗುವ ಹೆದ್ದಾರಿ ನೇರವಾಗಿ ಹುಬ್ಬಳ್ಳಿಗೆ ಹೋಗುತ್ತದೆ. ಅಂದು ರೈಲುದಾರಿಗಳು ಕೂಡುವ ಊರಾಗಿ, ಹತ್ತಿಯ ವ್ಯಾಪಾರದಿಂದ ಬೆಳೆದಿದ್ದ ಹುಬ್ಬಳ್ಳಿಗೆ 1898ರಲ್ಲಿ ಪ್ಲೇಗು ಬಂದೆರಗಿತು. ಸುಮಾರು ಐವತ್ತು ಸಾವಿರ ಜನರ ಪಟ್ಟಣ. ಅಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿ ಹಾಫ್‌ಕಿನ್ನನ ಮದ್ದನ್ನು ಕೈಗೆತ್ತಿಕೊಂಡನು. ಮೇ ತಿಂಗಳಿಂದ ಕೆಲವೇ ತಿಂಗಳಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ಮದ್ದು ಚುಚ್ಚಿಸಿಕೊಂಡರು. ಇಡೀ ಪಟ್ಟಣವೊಂದು ಹೀಗೆ ಮುಂದೆ ಬಂದದ್ದು ಅದಕ್ಕೆ ಮೊದಲು ಎಲ್ಲಿಯೂ ನಡೆದಿರಲಿಲ್ಲ. ಧಾರವಾಡ, ಗದಗುಗಳಲ್ಲಿಯೂ ಕೆಲಸ ನಡೆಯಿತು.

ಜನ ಒಪ್ಪಿದ್ದಕ್ಕೆ ಕಾರಣಗಳೂ ಇದ್ದವು. ಪ್ಲೇಗಿನ ಹೆಸರಿನಲ್ಲಿ ಸರ್ಕಾರ ಮನೆಗಳನ್ನು ಜಾಲಾಡುತ್ತಿತ್ತು, ರೋಗಿಗಳನ್ನು ಎಳೆದೊಯ್ಯುತ್ತಿತ್ತು, ಮನೆಯವರನ್ನು ಶಿಬಿರಗಳಿಗೆ ಅಟ್ಟುತ್ತಿತ್ತು. ಈ ದಬ್ಬಾಳಿಕೆಯಿಂದ ರೊಚ್ಚಿಗೆದ್ದ ಚಾಫೇಕರ್ ಸೋದರರು 1897ರಲ್ಲಿ ಪುಣೆಯ ಪ್ಲೇಗಿನ ಅಧಿಕಾರಿ ರ‍್ಯಾಂಡನನ್ನು ಕೊಂದರು. 1898ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿಯೂ ಜನ ದಂಗೆ ಎದ್ದರು. ಮದ್ದು ಚುಚ್ಚಿಸಿಕೊಂಡ ಚೀಟಿ ಇದ್ದವರಿಗೆ ಈ ಕಿರುಕುಳದಿಂದ ವಿನಾಯಿತಿ ದೊರೆಯುತ್ತಿತ್ತು. ಅದಕ್ಕೂ ಮಿಗಿಲಾಗಿ, ನೆರೆಮನೆಯವನು ಚುಚ್ಚಿಸಿಕೊಂಡು ನಡೆದಾಡುತ್ತಿರುವುದನ್ನು ಜನ ಕಣ್ಣಾರೆ ನೋಡಿದರು.

ಲ್ಯೂಮನ್ನನು ವಾರವಾರವೂ ಎರಡು ಪಟ್ಟಿಗಳನ್ನು ಬರೆದಿಟ್ಟನು. ವಾರ ಕಳೆದಂತೆ ಮದ್ದು ಪಡೆದವರ ಸಂಖ್ಯೆ ಏರಿತು, ಪಡೆಯದವರ ಸಂಖ್ಯೆ ಇಳಿಯಿತು. ಆದರೂ ಆ ಇಳಿಯುತ್ತಿದ್ದ ಚಿಕ್ಕ ಗುಂಪಿನಲ್ಲಿಯೇ ಸಾವು ಹೆಚ್ಚಾಗಿತ್ತು. 1898-99ರಲ್ಲಿ ಫ್ರೇಸರ್ ಎಂಬ ವೈದ್ಯ ಪಂಡಿತನ ಅಧ್ಯಕ್ಷತೆಯ ಭಾರತದ ಪ್ಲೇಗು ಆಯೋಗ ಈ ಅಂಕಿಗಳನ್ನು ಕೂದಲು ಸೀಳಿದಂತೆ ಪರೀಕ್ಷಿಸಿತು. ಊರು ಬಿಟ್ಟುಹೋದವರ ಲೆಕ್ಕವೆಲ್ಲಿ, ಮನೆಯವರು ಮುಚ್ಚಿಟ್ಟ ಸಾವುಗಳ ಲೆಕ್ಕವೆಲ್ಲಿ, ದಿನದಿನಕ್ಕೂ ಬದಲಾಗುವ ಜನಸಂಖ್ಯೆಗೆ ಆಧಾರವೇನು ಎಂದು ಕೇಳಿತು. ಆಕ್ಷೇಪಣೆಗಳು ನ್ಯಾಯವಾದವೇ. ಅವೆಲ್ಲವನ್ನೂ ಕಳೆದ ಮೇಲೆಯೂ ಆಯೋಗ ಒಪ್ಪಿಕೊಂಡ ಮಾತಿಷ್ಟು: ಮದ್ದಿನಿಂದ ರೋಗ ತಗುಲುವುದು ಕಡಮೆಯಾಗುತ್ತದೆ, ಸಾವು ಇನ್ನೂ ಕಡಮೆಯಾಗುತ್ತದೆ, ಆದರೆ ಪೂರ್ಣ ರಕ್ಷೆ ಇಲ್ಲ. ಹಾಫ್‌ಕಿನ್ನನು ಹೇಳಿದಷ್ಟು ದೊಡ್ಡ ಪ್ರಯೋಜನವಲ್ಲದಿರಬಹುದು. ಆದರೆ ಬಲವಾದ ಶೋಧನೆಗೆ ಒಳಗಾಗಿ ಉಳಿದ ಸತ್ಯ ಅದು.

ಆ ವರ್ಷದ ಆಗಸ್ಟಿನಲ್ಲಿ ಪ್ಲೇಗು ರೈಲಿನಲ್ಲಿಯೇ ಬೆಂಗಳೂರಿಗೆ ಬಂತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ಗಾಡಿ ನಮ್ಮ ತುಮಕೂರನ್ನು ಹಾದೇ ಹೋಗಬೇಕು. ಮೈಸೂರು ಸಂಸ್ಥಾನ ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರಾಗಿ ನೇಮಿಸಿತು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳಂಥ ಗಾಳಿಬೆಳಕಿನ ಬಡಾವಣೆಗಳು ಬೆಳೆದುದು ಈ ಭಯದಿಂದಲೇ. ಹಳ್ಳಿಗಳಲ್ಲಾದರೋ ಇಲಿ ಬಿದ್ದರೆ ಊರು ಬಿಡುವುದೊಂದೇ ಉಪಾಯ. ಹೊಲದಲ್ಲಿ ಗುಡಿಸಲು ಹಾಕಿ, ದನಕರುಗಳೊಡನೆ ತಿಂಗಳುಗಟ್ಟಲೆ ಅಲ್ಲಿಯೇ ಬಿಡಾರ. ಪ್ಲೇಗಿನ ಮಾರಮ್ಮನ ಗುಡಿಗಳು ನಮ್ಮ ನಾಡಿನಲ್ಲಿ ಈಗಲೂ ಇವೆ.

ಕೀರ್ತಿಯ ಶಿಖರದಲ್ಲಿದ್ದ ಹಾಫ್‌ಕಿನ್ನನ ಮೇಲೆ ಸಿಡಿಲು ಎರಗಿದ್ದು 1902ರಲ್ಲಿ. ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಮದ್ದು ಚುಚ್ಚಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಮದ್ದು ಪಡೆದ 19 ಮಂದಿ ಧನುರ್ವಾಯು ತಗುಲಿ ಸತ್ತರು. ಅದೇ ದಿನ ಬೇರೆ ಸೀಸೆಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ವಿಚಾರಣೆಗೆ ನೇಮಕವಾದ ಸಮಿತಿ, ವಿಷ ಸೇರಿದ್ದು ಮುಂಬಯಿಯ ಪ್ರಯೋಗಶಾಲೆಯಲ್ಲಿಯೇ ಇರಬೇಕೆಂದು ಅಭಿಪ್ರಾಯಪಟ್ಟಿತು. ಹೆಚ್ಚು ಮದ್ದನ್ನು ಬೇಗ ಒದಗಿಸುವ ಸಲುವಾಗಿ ಹಾಫ್‌ಕಿನ್ನನು ಕಾರ್ಬಾಲಿಕ್ ಆಮ್ಲವನ್ನು ಬಿಟ್ಟಿದ್ದನೆಂಬುದು ಆತನ ಮೇಲಿನ ದೊಡ್ಡ ಆರೋಪವಾಯಿತು. ಆತನನ್ನು ಕೆಲಸದಿಂದ ದೂರವಿರಿಸಲಾಯಿತು. ಆತನು ವೈದ್ಯನಲ್ಲ, ಪ್ರಾಣಿಶಾಸ್ತ್ರಜ್ಞ. ಆಂಗ್ಲನಲ್ಲ, ರಷ್ಯದ ಯಹೂದಿ. ಆತನ ಪರವಾಗಿ ಬಾಯಿ ತೆರೆಯುವವರು ಅಧಿಕಾರಿ ವರ್ಗದಲ್ಲಿ ಹೆಚ್ಚಾಗಿರಲಿಲ್ಲ.

ಆದರೆ ಸಾಕ್ಷ್ಯವೇನು ಹೇಳುತ್ತಿತ್ತು? ಆ ಸೀಸೆ ತಯಾರಾಗಿ ಸುಮಾರು ನಲವತ್ತು ದಿನಗಳಾಗಿದ್ದವು. ಧನುರ್ವಾಯುವಿನ ಜೀವಾಣು ಅಷ್ಟು ದಿನ ಒಳಗೆ ಬೆಳೆದಿದ್ದರೆ ಬಿರಡೆ ತೆಗೆದೊಡನೆ ದುರ್ವಾಸನೆ ಬರಬೇಕಾಗಿತ್ತು, ಬರಲಿಲ್ಲ. ವಿಷ ಸಿದ್ಧವಾಗಿಯೇ ಇದ್ದಿದ್ದರೆ ರೋಗ ಬೇಗ ತೋರಬೇಕಾಗಿತ್ತು, ಸುಮಾರು ಒಂದು ವಾರ ತಡೆದು ತೋರಿತು. ಅಲ್ಲದೆ ಹಳ್ಳಿಯಲ್ಲಿ ಸೀಸೆಯನ್ನು ತೆರೆಯುವಾಗ ಇಕ್ಕಳ ನೆಲಕ್ಕೆ ಬಿದ್ದಿತ್ತು. ಧನುರ್ವಾಯುವಿನ ಮನೆಯೇ ಮಣ್ಣು. ಇಕ್ಕಳವನ್ನು ಬೆಂಕಿಯಲ್ಲಿ ಕಾಯಿಸದೆ ಬರಿಯ ಆಮ್ಲದ ನೀರಿನಲ್ಲಿ ಅದ್ದಿ ಬಳಸಿದ್ದರು. ಪ್ರತಿಯೊಂದು ಸಾವನ್ನೂ ಎಣಿಸಿ ತೂಗಿ ಸತ್ಯವನ್ನು ಹುಡುಕಿದ ಮನುಷ್ಯನ ವಿಷಯದಲ್ಲಿ ಯಾರೂ ಹಾಗೆ ತೂಗಿ ನೋಡಲಿಲ್ಲ.

1904ರಲ್ಲಿ ಭಾರತವನ್ನು ಬಿಟ್ಟ ಆತನು ಲಂಡನ್ನಿನಲ್ಲಿ ತನ್ನ ನಿರ್ದೋಷವನ್ನು ಸಾಧಿಸಲು ಶ್ರಮಿಸಿದನು. ಆಗ ನೆರವಿಗೆ ಬಂದವನು ಮಲೇರಿಯದ ರಹಸ್ಯವನ್ನು ಬಿಡಿಸಿ 1902ರಲ್ಲಿ ನೊಬೆಲ್ ಪಾರಿತೋಷಕ ಗಳಿಸಿದ್ದ ರೊನಾಲ್ಡ್ ರಾಸ್. ರಾಸ್ ಹಿಂದೆ ನಮ್ಮ ಬೆಂಗಳೂರಿನಲ್ಲಿ ವೈದ್ಯಾಧಿಕಾರಿಯಾಗಿದ್ದವನು. 1907ರ ಜುಲೈಯಲ್ಲಿ ಆತನೂ ಸೇರಿ ಹತ್ತು ಮಂದಿ ವಿಜ್ಞಾನಿಗಳು ಸಹಿ ಮಾಡಿದ ಪತ್ರ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವರ್ಷದ ಕೊನೆಗೆ ಸರ್ಕಾರ ಆತನನ್ನು ಮತ್ತೆ ಕೆಲಸಕ್ಕೆ ಕರೆಯಿತು. ಆದರೆ ಮುಂಬಯಿಯ ತನ್ನ ಪ್ರಯೋಗಶಾಲೆ ಆತನಿಗೆ ಮರಳಿ ದೊರೆಯಲಿಲ್ಲ. ಕಲ್ಕತ್ತೆಯಲ್ಲಿ ಹೆಚ್ಚಿನ ಸೌಕರ್ಯವಿಲ್ಲದೆ ಕೆಲವು ವರ್ಷ ಕಳೆದು, ಐವತ್ತೈದನೆಯ ವಯಸ್ಸಿನಲ್ಲಿ ನಿವೃತ್ತನಾಗಿ ಯೂರೋಪಿಗೆ ಹೊರಟುಹೋದನು. ಮದುವೆಯಾಗಲಿಲ್ಲ. ಕೊನೆಯ ದಿನಗಳನ್ನು ತನ್ನ ಮತಧರ್ಮದ ಆಚರಣೆಯಲ್ಲಿ ಕಳೆದು, 1930ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಕಣ್ಣುಮುಚ್ಚಿದನು.

ನಮ್ಮ ದೇಶ ಆತನನ್ನು ಪೂರ್ತಿಯಾಗಿ ಮರೆಯಲಿಲ್ಲವೆಂಬುದು ಸಮಾಧಾನದ ಸಂಗತಿ. ಆತನು ಮುಂಬಯಿಯ ಪರೇಲಿನಲ್ಲಿ ಕಟ್ಟಿದ ಪ್ರಯೋಗಶಾಲೆಗೆ 1925ರಲ್ಲಿ, ಆತನು ಬದುಕಿದ್ದಾಗಲೇ, ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟರು. 1964ರಲ್ಲಿ ಭಾರತ ಸರ್ಕಾರ ಆತನ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಇಂದು ಪ್ಲೇಗಿಗೆ ಸ್ಟ್ರೆಪ್ಟೊಮೈಸಿನ್ ಮೊದಲಾದ ಒಳ್ಳೆಯ ಔಷಧಗಳು ಬಂದು, ಆತನ ಮದ್ದು ಬಳಕೆಯಿಂದ ಮರೆಯಾಗಿದೆ. ಆದರೆ ಆತನು ಹಿಡಿದ ದಾರಿ ಮರೆಯಾಗಿಲ್ಲ. ಇಂದು ಹೃದಯದ ಶಸ್ತ್ರಚಿಕಿತ್ಸೆಯಾಗಲಿ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಲಿ, ಹೊಸ ಮಾತ್ರೆಯಾಗಲಿ, ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಸಮನಾಗಿ ನಿಲ್ಲಿಸಿ, ತಿಂಗಳು ವರ್ಷಗಳ ಕಾಲ ಬೆನ್ನು ಹತ್ತಿ ಹೋಗಿ, ಬದುಕಿದವರನ್ನೂ ಸತ್ತವರನ್ನೂ ಎಣಿಸಿಯೇ ಅದರ ಬೆಲೆ ಕಟ್ಟುತ್ತಾರೆ.

ಈ ಚರಿತ್ರೆಯಿಂದ ನಾನು ಕಲಿತದ್ದು ಎರಡು. ಮದ್ದೊಂದನ್ನು ಹೊಗಳುವವರಾಗಲಿ ತೆಗಳುವವರಾಗಲಿ ಎದುರಾದಾಗ, ತೆಗೆದುಕೊಂಡವರೆಷ್ಟು, ತೆಗೆದುಕೊಳ್ಳದವರೆಷ್ಟು, ಎರಡು ಕಡೆಯೂ ಏನಾಯಿತು ಎಂದು ಕೇಳುವುದು ಮೊದಲನೆಯದು. ಮನುಷ್ಯನೊಬ್ಬನ ಮೇಲೆ ಅಪವಾದ ಬಂದಾಗಲೂ ಅದೇ ನಿಷ್ಠುರವಾದ ಲೆಕ್ಕವನ್ನು ಕೇಳುವುದು ಎರಡನೆಯದು. ಮೊದಲನೆಯದನ್ನು ಲೋಕ ಹಾಫ್‌ಕಿನ್ನನಿಂದ ಬೇಗ ಕಲಿತುಕೊಂಡಿತು. ಎರಡನೆಯದನ್ನು ಕಲಿಯಲು ಐದು ವರ್ಷ ತೆಗೆದುಕೊಂಡಿತು, ಅಷ್ಟರಲ್ಲಿ ಆತನ ಪ್ರಯೋಗಶಾಲೆ ಬೇರೆಯವರ ಕೈ ಸೇರಿತ್ತು.